ತುಮ್ಚಾ ಗಾಡಿ

ಗಾಡಿ ಗಂಡೋ ಹೆಣ್ಣೋ ಎಂಬ ಪ್ರಶ್ನೆ ಮಹಾರಾಷ್ಟ್ರದ ಸಿನ್ನರ್‌ನ ಒಂದು ಕಾರ್ಖಾನೆಯ ಇತಿಹಾಸದಲ್ಲಿ ಬಹಳ ಗಂಭೀರವಾದದ್ದು. ಕನ್ನಡದಲ್ಲಿ ಅದು ಎರಡೂ ಅಲ್ಲ. ಹಾಗಾಗಿ ಅಲ್ಲಿನ ಸಾರಿಗೆ ವಿಭಾಗದ ಸಾಹೇಬ, ಧಾರವಾಡದ ಅರವಿಂದ, ಅದರ ಬಗ್ಗೆ ಎಂದೂ ತಲೆ ಕೆಡಿಸಿಕೊಂಡಿರಲಿಲ್ಲ.

ಡ್ರೈವರುಗಳು ಬೆಳಿಗ್ಗೆ ಬ್ರೇಕು, ಟೈರು ನೋಡದೆಯೇ ಹೊರಟುಬಿಡುತ್ತಿದ್ದರು. ಈ ಚಾಳಿ ಬಿಡಿಸದಿದ್ದರೆ ಔರಂಗಾಬಾದ್‌ಗೆ ಎತ್ತಿಹಾಕುತ್ತೇವೆ ಎಂದು ಮೇಲಿನವರು ಅರವಿಂದನಿಗೆ ಹೇಳಿ, ಮನವೊಲಿಸುವ ಆ್ಯಪ್ ಒಂದನ್ನು ಕೈಗಿಟ್ಟರು. ಎಲ್ಲ ನೋಡಿ ಗುಂಡಿ ಒತ್ತಿದವನಿಗೆ ಅದು ‘ನಿಮ್ಮ ಗಾಡಿ ಚೆನ್ನಾಗಿದೆ’ ಎಂದು ಮರಾಠಿಯಲ್ಲಿ ಹೊಗಳಬೇಕು. ಅರವಿಂದ ಹೆಮ್ಮೆಯಿಂದ ತನ್ನ ದನಿಯನ್ನೇ ಕೊಟ್ಟ: “ಶಾಬ್ಬಾಸ್, ತುಮ್ಚಾ ಗಾಡಿ ಚಾಂಗ್ಲಾ ಆಹೆ.”

ಫಲ ಅದ್ಭುತವಾಗಿತ್ತು. ಡ್ರೈವರುಗಳು ಹೊತ್ತಿಗೆ ಮುಂಚೆಯೇ ಬಂದು ಚಕ್ರದ ಪಕ್ಕ ಬಗ್ಗುವರು, ಬ್ರೇಕ್ ತುಳಿದು ನೋಡುವರು, ಗುಂಡಿ ಒತ್ತಿ ಹೊಟ್ಟೆ ಹಿಡಿದು ನಗುವರು.

ಯಾಕೆ ಎಂದು ಹೇಳಿದವಳು ಅಲ್ಲೇ ಬೆಳೆದ ಮಗಳು ಸಮೀಕ್ಷಾ. “ಪಪ್ಪಾ, ಮರಾಠಿಯೊಳಗ ಗಾಡಿ ಹೆಣ್ಣು. ತುಮ್ಚೀ ಅನ್ಬೇಕು, ಚಾಂಗ್ಲೀ ಅನ್ಬೇಕು.”

“ಅಂದ್ರ ಇಷ್ಟ್ ದಿನ ನನಗ ನಗ್ಲಿಕ್ಕತ್ತಾರೇನು?”

“ನಗಲಿ ಬಿಡ್ರಿ,” ಎಂದಳು ಹೆಂಡತಿ ಮೃದುಲಾ. “ನಕ್ಕೋತ ಬ್ರೇಕ್ ನೋಡ್ಲಿಕ್ಕತ್ತಾರಲ್ಲ.”

“ನನ್ನ ಮಾನ?”

“ಅದನ್ನ ಯಾರು ಚೆಕ್ ಮಾಡ್ತಾರ?”

ಅರವಿಂದ ಮಗಳ ಹತ್ತಿರ ಪಾಠ ಹೇಳಿಸಿಕೊಂಡು, ಈಕಾರಗಳನ್ನೆಲ್ಲ ಸರಿಯಾಗಿ ಎಳೆದು, ಮತ್ತೆ ದನಿ ತುಂಬಿದ. ಡ್ರೈವರುಗಳು ಆ ಶುದ್ಧ ಮರಾಠಿಯನ್ನು ಸೋಮವಾರ ಒಮ್ಮೆ ಕೇಳಿದರು. ಮಂಗಳವಾರದಿಂದ ಯಾರೂ ಗುಂಡಿ ಮುಟ್ಟಲಿಲ್ಲ, ಬ್ರೇಕೂ ನೋಡಲಿಲ್ಲ. ಅರವಿಂದನಿಗೆ ಔರಂಗಾಬಾದ್‌ಗೆ ವರ್ಗವಾಯಿತು.