ಕತ್ತರಿಯ ಬಾಯಿ ಕಟ್ಟಿದ್ದು

ಪುಟ್ಟಿಗೆ ನಲವತ್ತು ದಾಟಿತ್ತು. ಪ್ರಯೋಗಾಲಯದಲ್ಲಿ ಅವಳ ಕೈಕೆಳಗೆ ಕೆಲಸ ಮಾಡುವವರೂ ಇದ್ದರು. ಆದರೂ ದೊಡ್ಡಾಸ್ಪತ್ರೆಯಲ್ಲಿ ಸರ್ಜನ್ ಆಗಿದ್ದ ಅವಳ ಅತ್ತಿಗೆ ಅವಳನ್ನು ಪುಟ್ಟಿ ಎಂದೇ ಕರೆಯುತ್ತಿದ್ದರು. ಅಂದು ಅತ್ತಿಗೆ ಒಂದು ಸಣ್ಣ ಡಬ್ಬಿ ಹಿಡಿದು ಪ್ರಯೋಗಾಲಯಕ್ಕೇ ಬಂದರು.

"ಒಬ್ರು ಬಸ್ ಡ್ರೈವರ್ ಇದಾರೆ ಪುಟ್ಟಿ. ಬಲಪಾದದ ಹುಣ್ಣು ಮೂಳೆವರೆಗೂ ಇಳಿದಿದೆ. ಯಾವ ಔಷಧಿ ಕೊಟ್ರೂ ಈ ಬ್ಯಾಕ್ಟೀರಿಯಾ ಜಪ್ಪಯ್ಯ ಅಂದ್ರೂ ಬಗ್ತಿಲ್ಲ. ಪಾದ ತೆಗೀಲೇಬೇಕು ಅಂತಿದಾರೆ ಉಳಿದ ಡಾಕ್ಟ್ರುಗಳು. ಸ್ವಲ್ಪ ದಿನ ಕಾಯಿರಿ ಅಂದಿದೀನಿ."

"ಡಬ್ಬಿ ಇಲ್ಲಿ ಕೊಡಿ ಅತ್ತಿಗೆ."

ಬ್ಯಾಕ್ಟೀರಿಯಾವನ್ನು ಕೊಲ್ಲುವ ವೈರಸ್‌ಗಳನ್ನು ಸಾಕುವುದೇ ಪುಟ್ಟಿಯ ಕಸುಬು. ಡಬ್ಬಿಯಲ್ಲಿದ್ದ ಹುಣ್ಣಿನ ಬ್ಯಾಕ್ಟೀರಿಯಾವನ್ನು ಪ್ಲೇಟುಗಳಲ್ಲಿ ಬೆಳೆಸಿ, ತನ್ನ ಹತ್ತಿರವಿದ್ದ ವೈರಸ್‌ಗಳನ್ನು ಒಂದೊಂದಾಗಿ ಅದರ ಮೇಲೆ ಬಿಟ್ಟಳು. ಯಾವುದರ ಬೇಳೆಯೂ ಬೇಯಲಿಲ್ಲ. ಆ ಬ್ಯಾಕ್ಟೀರಿಯಾದೊಳಗೆ ಕ್ರಿಸ್ಪರ್ ಎಂಬ ಕಾವಲು ಇತ್ತು. ಹಿಂದೊಮ್ಮೆ ನುಗ್ಗಿದ ವೈರಸ್‌ನ ಡಿಎನ್‌ಎ ತುಣುಕನ್ನು ಅದು ಎತ್ತಿಟ್ಟುಕೊಂಡಿರುತ್ತದೆ. ಅಂಥದ್ದೇ ಮತ್ತೆ ಒಳಗೆ ಕಾಲಿಟ್ಟರೆ ಗುರುತು ಹಿಡಿದು ಕತ್ತರಿಯಂತೆ ಕತ್ತರಿಸಿ ಹಾಕುತ್ತದೆ.

ಚರಂಡಿ ನೀರಿನಲ್ಲಿ ಸಿಕ್ಕಿದ ಒಂದು ವೈರಸ್‌ನ ಮೇಲೆ ಅವಳಿಗೆ ಆಸೆಯಿತ್ತು. ಅದು ತಯಾರಿಸುತ್ತಿದ್ದ ಪ್ರೋಟೀನು ಆ ಕತ್ತರಿಯ ಬಾಯಿಗೆ ಅಂಟಿಕೊಂಡು ಅದನ್ನು ನಿಷ್ಪ್ರಯೋಜಕ ಮಾಡುತ್ತಿತ್ತು. ಅದನ್ನೂ ಬಿಟ್ಟು ನೋಡಿದಳು. ತೆಗೆದು ನೋಡಿದ ಮೊದಲ ಪ್ಲೇಟುಗಳಲ್ಲಿ ಅದೂ ಸೋತಿತ್ತು. ಪುಟ್ಟಿಗೆ ಊಟ ಸೇರಲಿಲ್ಲ.

ಮರುದಿನ ಪ್ಲೇಟುಗಳನ್ನು ಎಸೆಯಲು ಹೊರಟವಳ ಕೈ ಒಂದರ ಮೇಲೆ ನಿಂತಿತು. ಅದರಲ್ಲಿ ಬ್ಯಾಕ್ಟೀರಿಯಾದ ಮಬ್ಬು ಪದರವೇ ಇಲ್ಲ, ಕನ್ನಡಿಯಂತೆ ತಿಳಿ. ಅದೊಂದಕ್ಕೆ ಮಾತ್ರ ಚರಂಡಿ ನೀರಿನ ಆ ವೈರಸ್ಸನ್ನು ತೆಳು ಮಾಡದೆ ಗಟ್ಟಿಯಾಗಿಯೇ ಸುರಿದಿದ್ದಳು. ನಿಂತಲ್ಲೇ ಯೋಚಿಸಿದಳು. ಮೊದಲು ನುಗ್ಗಿದವು ಸಾಯುತ್ತವೆ, ಆದರೆ ಸಾಯುವ ಮುಂಚೆ ಒಂದಿಷ್ಟು ಪ್ರೋಟೀನು ತಯಾರಿಸಿರುತ್ತವೆ. ಅಷ್ಟು ಕತ್ತರಿಗಳ ಬಾಯಿ ಕಟ್ಟಿತು. ಹಿಂದೆಯೇ ಇನ್ನಷ್ಟು ಬಂದರೆ ದಾರಿ ಸಲೀಸು. ಕಡಿಮೆ ಬಿಟ್ಟಾಗ ಹಿಂದೆ ಬರಲು ಯಾರೂ ಉಳಿದಿರಲಿಲ್ಲ, ಅಷ್ಟೇ.

ಪ್ರಯೋಗಾಲಯದ ಮುಖ್ಯಸ್ಥರಿಗೆ ಎಲ್ಲರೂ ಬೆನ್ನ ಹಿಂದೆ 'ಆದ್ರೆ ಸಾರ್' ಎನ್ನುತ್ತಿದ್ದರು. ಅವರು ಪ್ಲೇಟನ್ನು ಬೆಳಕಿಗೆ ಹಿಡಿದರು.

"ಚೆನ್ನಾಗಿದೆ. ಆದ್ರೆ ಅಷ್ಟು ಸುರಿದ್ರೆ ಯಾವ ವೈರಸ್ ಆದ್ರೂ ಕೊಲ್ಲುತ್ತೇನೋ. ನಿಮ್ಮ ಪ್ರೋಟೀನಿಂದೇ ಕೆಲಸ ಅಂತ ಹೇಗೆ ಹೇಳ್ತೀರಿ?"

ಪುಟ್ಟಿಗೆ ಸಿಟ್ಟು ಬಂತು. ಕೇಳಿದ್ದು ಸರಿಯಾಗಿಯೇ ಇದೆ ಎಂದು ಇನ್ನೂ ಸಿಟ್ಟು ಬಂತು. ಅದೇ ವೈರಸ್‌ನಿಂದ ಆ ಪ್ರೋಟೀನಿನ ಜೀನನ್ನು ತೆಗೆದುಹಾಕಿದ ತಳಿಯೊಂದು ಅವಳ ಫ್ರೀಜರಿನಲ್ಲಿತ್ತು. ಅದನ್ನೂ ಅಷ್ಟೇ ಗಟ್ಟಿಯಾಗಿ ಸುರಿದಳು. ಬ್ಯಾಕ್ಟೀರಿಯಾ ಕೂದಲೂ ಕೊಂಕದೆ ಬೆಳೆದುಕೊಂಡವು. ಪಕ್ಕದಲ್ಲಿ ಪ್ರೋಟೀನಿದ್ದ ವೈರಸ್‌ನ ಪ್ಲೇಟು ಪೂರಾ ತಿಳಿ.

ಮುಖ್ಯಸ್ಥರು ಎರಡನ್ನೂ ನೋಡಿದರು. "ಆದ್ರೆ..." ಎಂದು ಶುರು ಮಾಡಿದರು. ಆಮೇಲೆ, "ಆಸ್ಪತ್ರೆಗೆ ಎಷ್ಟು ಬೇಕಾಗತ್ತೆ?" ಎಂದರು.

ಆಸ್ಪತ್ರೆಯ ಸಮಿತಿ ಒಪ್ಪಿತು. ಡ್ರೈವರ್ ಎಲ್ಲವನ್ನೂ ಕೇಳಿಸಿಕೊಂಡು, "ಪೀಕ್ ಅವರ್‌ನಲ್ಲಿ ಬಸ್ ಹತ್ತೋ ಹಾಗೇ ಅನ್ನಿ. ಮುಂದಿನವರು ತಳ್ಳಿಸ್ಕೊಂಡ್ರೆ ಹಿಂದಿನವರಿಗೆ ಜಾಗ. ಧಾರಾಳವಾಗಿ ಬಿಡಿ ಡಾಕ್ಟ್ರೇ" ಎಂದು ಸಹಿ ಹಾಕಿದರು. ಶುದ್ಧಗೊಳಿಸಿದ ವೈರಸ್ಸನ್ನು ಅತ್ತಿಗೆ ದಿನವೂ ಗಾಯಕ್ಕೆ ಧಾರಾಳವಾಗಿಯೇ ಬಿಟ್ಟರು.

ಒಂದು ಬೆಳಿಗ್ಗೆ ಅತ್ತಿಗೆ ಪುಟ್ಟಿಯನ್ನು ವಾರ್ಡಿಗೆ ಕರೆಸಿ, ಅವಳ ಎದುರಿಗೇ ಬ್ಯಾಂಡೇಜು ಬಿಚ್ಚಿದರು. ಕೀವಿಲ್ಲ, ವಾಸನೆಯಿಲ್ಲ. ಗಾಯದ ತಳದಲ್ಲಿ ಹೊಸ ಮಾಂಸ ಕೆಂಪಗೆ ಮೂಡಿತ್ತು. ಹಿಂದಿನ ದಿನದ ಪರೀಕ್ಷೆಯಲ್ಲೂ ಆ ಬ್ಯಾಕ್ಟೀರಿಯಾದ ಸುಳಿವಿರಲಿಲ್ಲ. ಅತ್ತಿಗೆ ಆಪರೇಷನ್ ಥಿಯೇಟರಿಗೆ ಫೋನ್ ಮಾಡಿದರು.

"ಸೋಮವಾರ ಒಂದು ಪಾದದ ಕೇಸ್ ಇತ್ತಲ್ಲ, ತೆಗೆದುಬಿಡಿ. ಕೇಸನ್ನ. ಪಾದವನ್ನಲ್ಲ."

ಡ್ರೈವರ್ ಮಂಚ ಅಲುಗಾಡುವಂತೆ ನಕ್ಕರು. ಪುಟ್ಟಿ ಬಗ್ಗಿ, ಅವರ ಐದು ಬೆರಳೂ ಆಡುವುದನ್ನು ನೋಡುತ್ತಲೇ ನಿಂತಳು.

ಹೊರಡುವಾಗ ಅತ್ತಿಗೆ ಅವಳ ತೋಳಿಗೆ ತೋಳು ಸಿಕ್ಕಿಸಿಕೊಂಡರು. ಉದ್ದದ ಕಾರಿಡಾರಿನಲ್ಲಿ ಎದುರಾದ ನರ್ಸು, ವಾರ್ಡ್‌ಬಾಯ್, ಲಿಫ್ಟಿನವನು, ಯಾರನ್ನೂ ಬಿಡದೆ ನಿಲ್ಲಿಸಿ ಹೇಳಿದರು: "ನೋಡಿ, ಇವಳು ನನ್ನ ನಾದಿನಿ."