ಬಾಯಿ ತೆರೆದ ಕತ್ತರಿ

ಕತ್ತರಿಯ ಬಾಯಿ ತೆರೆದಿಟ್ಟರೆ ಮನೆಯಲ್ಲಿ ಜಗಳವಾಗುತ್ತದೆ ಎಂಬುದು ಎರ್ಮಾಳಿನ ಸುಂದರಿಯ ಗಟ್ಟಿ ನಂಬಿಕೆ. ಮೀನು ಮಾರಿ ಸಾಕಿದ ಮಗಳು ಧೃತಿಗೂ ಅದನ್ನೇ ಕಲಿಸಿದ್ದಳು. ಈಗ ಆ ಹುಡುಗಿ ಉಡುಪಿಯ ಆಸ್ಪತ್ರೆಯೊಂದರಲ್ಲಿ ಆಪರೇಷನ್ನಿನ ಉಪಕರಣಗಳನ್ನು ಆವಿಯಲ್ಲಿಟ್ಟು ಕ್ರಿಮಿ ಕೊಲ್ಲುವ ಕೆಲಸದ ತರಬೇತಿಗೆ ಸೇರಿದರೆ, ಅಲ್ಲಿನ ಮೊದಲ ಪಾಠವೇ ಉಲ್ಟಾ. ಕತ್ತರಿ, ಇಕ್ಕಳ ಎಲ್ಲದರ ಬಾಯಿ ತೆರೆದೇ ಇರಬೇಕು. ಮುಚ್ಚಿದ್ದರೆ ಸಂದಿಗೆ ಆವಿ ತಾಗುವುದಿಲ್ಲ, ಕ್ರಿಮಿ ಅಲ್ಲೇ ಉಳಿಯುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಎರಡು ವಾರ ಧೃತಿಯ ಕೈ ಕಂಡ ಕತ್ತರಿಯನ್ನೆಲ್ಲ ಮುಚ್ಚುತ್ತಲೇ ಇತ್ತು, ಅವಳು ಬೈಗುಳ ತಿನ್ನುತ್ತಲೇ ಇದ್ದಳು.

ಅಂದು ಮೊದಲ ಬಾರಿಗೆ ಉಪಕರಣಗಳ ಒಂದು ಟ್ರೇಯನ್ನು ಅವಳೊಬ್ಬಳೇ ಜೋಡಿಸಿ ಬಟ್ಟೆಯಲ್ಲಿ ಕಟ್ಟಿದ್ದಳು. ಆಟೋಕ್ಲೇವ್ ಎಂಬ ಆವಿಯಂತ್ರದಿಂದ ಹೊರಬಂದ ಕಟ್ಟಿನ ಪಟ್ಟಿಯ ಮೇಲೆ, ಆವಿ ತಾಗಿದ್ದಕ್ಕೆ ಗುರುತಾದ ಕಪ್ಪು ಗೆರೆಗಳು ಚೆನ್ನಾಗಿ ಮೂಡಿದ್ದವು. ಖುಷಿಯಿಂದ ಬಸ್ಸು ಹತ್ತಿದವಳಿಗೆ ಕಾಪು ದಾಟುವಾಗ ಸಂಶಯ ಹುಟ್ಟಿತು. ಕತ್ತರಿಗಳನ್ನು ತೆರೆದಿಟ್ಟೆನೋ, ಮುಚ್ಚಿಬಿಟ್ಟೆನೋ? ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಆವಿ ಸಂದಿಗೆ ಹೋಯಿತೇ ಎಂದು ಹೊರಗಿನ ಕಪ್ಪು ಗೆರೆ ಹೇಳುವುದಿಲ್ಲ. ಬೆಳಿಗ್ಗೆ ಅದೇ ಟ್ರೇ ಯಾರದೋ ಹೊಟ್ಟೆಯ ಆಪರೇಷನ್ನಿಗೆ ಹೋಗಲಿತ್ತು.

ಫೋನ್ ಮಾಡಿದರೆ ವಿಭಾಗದ ಹಿರಿಯರಾದ ಬರ್ತಾ ಮೇಡಂ ಎತ್ತಲಿಲ್ಲ. ಉಚ್ಚಿಲದಲ್ಲಿ ಇಳಿದು, ಹೆದ್ದಾರಿ ದಾಟಿ, ಉಡುಪಿಗೆ ವಾಪಸು ಬಸ್ಸು ಹಿಡಿದಳು. ಆಸ್ಪತ್ರೆ ಮುಟ್ಟಿದಾಗ ಮೇಡಂ ಬ್ಯಾಗು ಹೆಗಲಿಗೇರಿಸಿ ಹೊರಟಿದ್ದರು.

"ಮೇಡಂ, ನನ್ನ ಟ್ರೇ ಬಿಚ್ಚಿ ನೋಡ್ಬೇಕು. ಕತ್ತರಿ ಮುಚ್ಚಿದ್ದೇನಾ ಅಂತ ಸಂಶಯ ಉಂಟು."

"ಬಿಚ್ಚಿದ್ರೆ ಎಲ್ಲ ಮೊದಲಿಂದ ಮಾಡ್ಬೇಕು, ಗೊತ್ತುಂಟಲ್ವಾ?"

"ಗೊತ್ತುಂಟು."

ಬರ್ತಾ ಬ್ಯಾಗು ಕೆಳಗಿಟ್ಟು ಕಟ್ಟು ಬಿಚ್ಚಿದರು. ಒಳಗೆ ಕತ್ತರಿ, ಇಕ್ಕಳಗಳೆಲ್ಲ ಬುಟ್ಟಿಯ ಬಂಗುಡೆ ಮೀನುಗಳ ಹಾಗೆ ಬಾಯಿ ತೆರೆದು ಮಲಗಿದ್ದವು. ಒಂದೂ ಮುಚ್ಚಿರಲಿಲ್ಲ. ಹೋದ ಜೀವ ಬಂದಂತಾಗಿ ಧೃತಿ ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟಳು.

"ನಿನ್ನ ತಲೆಗಿಂತ ಮೊದಲು ಕೈ ಕಲಿತಿದೆ ಮಾರಾಯ್ತಿ," ಎಂದರು ಬರ್ತಾ. "ಏಳು, ಇನ್ನೊಮ್ಮೆ ಕಟ್ಟುವ."

ಧೃತಿ ಮನೆ ಸೇರುವಾಗ ಸುಂದರಿ ಬಾಗಿಲಲ್ಲೇ ಕಾಯುತ್ತಿದ್ದಳು. ಮಗಳು ಹಾಲಿನ ಪ್ಯಾಕೆಟ್ ಕತ್ತರಿಸಿ, ಚಹಾಕ್ಕಿಟ್ಟು, ನಡೆದದ್ದನ್ನು ಹೇಳತೊಡಗಿದಳು. ಅರ್ಧಕ್ಕೇ ಅಮ್ಮನ ಕಣ್ಣು ಒಲೆಕಟ್ಟೆಯ ಮೇಲೆ ಬಿತ್ತು. ಅಲ್ಲಿ ಕತ್ತರಿ ಬಾಯಿ ತೆರೆದು ಕುಳಿತಿತ್ತು.

"ಎಷ್ಟು ಸಲ ಹೇಳುವುದು ನಿನಗೆ, ಮನೆಯಲ್ಲಿ ಜಗಳ ಆಗ್ತದೆ ಅಂತ?"

ಹಾಗೆಂದವಳೇ ಚಹಾ ಕುದಿದು ಉಕ್ಕುವವರೆಗೂ ಜಗಳವಾಡಿದಳು. ಅಮ್ಮನ ಬೈಗುಳ ಕೇಳಿ ಧೃತಿಗೆ ಅಷ್ಟು ಹಾಯೆನಿಸಿದ್ದು ಅದೇ ಮೊದಲು.