ಎಫ್ ಒಂಬತ್ತು ಒತ್ತಿದರೂ ಹೊರಡದ ಗಾಡಿ

ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಬಂದ ಮೊದಲ ಕರೆ ಒಬ್ಬ ಹೆಂಗಸಿನದು. ಅಪ್ಪನಿಗೆ ಉಸಿರು ಸಿಗುತ್ತಿಲ್ಲ, ತುಟಿ ನೀಲಿಯಾಗಿದೆ, ಲಾಸ್ ಸೆಯ್ಬೋಸ್ ಬೀದಿ, ಮನೆ ನಂಬರು ಸಾವಿರದ ನಾನೂರ ಎಂಬತ್ತು. ಎರ್ಮೆಲಿಂದಾ ಬಾಸ್ಸಿ ವಿಳಾಸ ಟೈಪು ಮಾಡಿ ಎಫ್ ಒಂಬತ್ತು ಒತ್ತಿದಳು. ಕಿವಿಯಲ್ಲಿ ಟಿಂಗ್ ಎಂದಿತು.

"ಗಾಡಿ ಹೊರಟಿತು. ಅಪ್ಪನ್ನ ಕೂರಿಸ್ಕೊಳ್ಳಿ, ಮಲಗಿಸಬೇಡಿ" ಎಂದಳು. ಮುಂದಿನ ಕರೆ ತೆಗೆದುಕೊಂಡಳು.

ಗಾಡಿ ಹೊರಟಿರಲಿಲ್ಲ.

ರೊಸಾರಿಯೊ ನಗರದ ದಕ್ಷಿಣ ಬಡಾವಣೆಗಳ ಜನ ಸೇರಿ ಕಟ್ಟಿಕೊಂಡ ಆಂಬುಲೆನ್ಸ್ ಸಹಕಾರಿಯಲ್ಲಿ ಅವಳು ಹತ್ತೊಂಬತ್ತು ವರ್ಷದಿಂದ ಫೋನು ಹಿಡಿದವಳು. ಒಂಬತ್ತನೇ ವಯಸ್ಸಿಗೇ ಎರಡೂ ಕಣ್ಣು ಹೋಗಿದ್ದವು. ಪರದೆಯ ಮೇಲಿದ್ದುದನ್ನು ಯಂತ್ರ ಕಿವಿಗೆ ಓದಿ ಹೇಳುತ್ತಿತ್ತು. ಹನ್ನೊಂದು ವರ್ಷದ ಹಿಂದೆ ಅಲ್ಲಿನ ತಂತ್ರಜ್ಞ ಲಿಸಾಂದ್ರೊ ಅವಳಿಗಾಗಿ ಒಂದು ಪುಟ್ಟ ಪ್ರೋಗ್ರಾಂ ಬರೆದುಕೊಟ್ಟಿದ್ದ. ಎಫ್ ಒಂಬತ್ತು ಒತ್ತಿದರೆ ಅದು ವಿಳಾಸವನ್ನು ಎತ್ತಿಕೊಂಡು ಚಾಲಕರಿಗೆ ಸುದ್ದಿ ಕಳಿಸುವ ಕಿಟಕಿಯಲ್ಲಿ ತಾನೇ ಟೈಪು ಮಾಡಿ, ಕಳಿಸಿ, ಟಿಂಗ್ ಎನ್ನುತ್ತಿತ್ತು. ಆ ಕಚೇರಿಯಲ್ಲಿ ಅವಳಷ್ಟು ಬೇಗ ಗಾಡಿ ಹೊರಡಿಸುವವರು ಇನ್ನೊಬ್ಬರಿರಲಿಲ್ಲ.

ಒಂಬತ್ತು ನಿಮಿಷಕ್ಕೆ ಅದೇ ಹೆಂಗಸು ಮತ್ತೆ ಕರೆದಳು. ಈ ಸಲ ಅಳುತ್ತಿರಲಿಲ್ಲ, ಕಿರುಚುತ್ತಿದ್ದಳು.

ಎರ್ಮೆಲಿಂದಾ ಹೆಡ್‌ಫೋನ್ ಕಿತ್ತೆಸೆದು, ಗೋಡೆ ಹಿಡಿದು ಚಾಲಕರ ಕೋಣೆಗೆ ಓಡಿದಳು. ಚಾಲಕ ದೆಲ್ಫೋರ್ 'ಮಾತೆ' ಎಂಬ ಎಲೆಕಷಾಯ ಹೀರುತ್ತ ಕೂತಿದ್ದ.

"ಲಾಸ್ ಸೆಯ್ಬೋಸ್‌ಗೆ ಯಾಕೋ ಹೋಗಿಲ್ಲ?"

"ಯಾವ ಸೆಯ್ಬೋಸ್ ಅಕ್ಕಾ? ಬೆಳಿಗ್ಗೆಯಿಂದ ನಿನ್ನ ಮೇಜಿಂದ ನಂಗೇನೂ ಬಂದಿಲ್ಲ. ಇವತ್ತು ನಿಂಗೆ ಬಿಡುವು ಅಂತ ಈಗಷ್ಟೇ ಹೇಳ್ತಿದ್ದೆ."

ಅವಳು ವಿಳಾಸ ಕೂಗಿದಳು. ಅವನು ಓಡಿದ.

ಮುದುಕ ಉಳಿದ. ಆದರೆ ಹನ್ನೊಂದು ದಿನ ಉಸಿರಿನ ಯಂತ್ರಕ್ಕೆ ಕಟ್ಟಿಸಿಕೊಂಡು ಮಲಗಿದ. ಮಂಗಳವಾರ ಎರ್ಮೆಲಿಂದಾ ಬಿಳಿ ಕೋಲು ಹಿಡಿದು ಆಸ್ಪತ್ರೆಗೆ ಹೋದಳು. ಮಗಳು ಓರಿಯಾನಾ ಮೊಗಸಾಲೆಯಲ್ಲೇ ಸಿಕ್ಕಳು.

"ಹೊರಟಿತು ಅಂತ ಹೇಳಿದ್ದು ನೀವೇ ತಾನೆ? ಪಕ್ಕದ ಮನೆಯವರು ಕಾರು ತೆಗೀತೀನಿ ಅಂದರು. ಬೇಡ, ಆಂಬುಲೆನ್ಸ್ ಹೊರಟಿದೆ ಅಂದೆ. ನಿಮ್ಮ ಮಾತು ನಂಬಿ ಬೇಡ ಅಂದೆ!"

ಕಂಪ್ಯೂಟರಿನ ಕತೆ ಹೇಳಬಹುದಿತ್ತು. ಆ ಹೆಣ್ಣಿಗೆ ಅದರಿಂದ ಆಗಬೇಕಾದ್ದೇನು? "ಹೇಳಿದ್ದು ನಾನೇ" ಎಂದಳು ಎರ್ಮೆಲಿಂದಾ.

ಬುಧವಾರ ವ್ಯವಸ್ಥಾಪಕ, ಇಂಜಿನಿಯರ್ ಕಾರ್ನೆಲ್ಯೊ, ಅವಳನ್ನು ಕರೆಸಿ ಒಂದು ವರದಿ ಓದಿ ಹೇಳಿದ. ಕಳೆದ ವಾರದ ಕೊನೆಯಲ್ಲಿ ಮೂವತ್ತೊಂದೂ ಕಂಪ್ಯೂಟರುಗಳನ್ನು ಯಶಸ್ವಿಯಾಗಿ ಹೊಸ ವ್ಯವಸ್ಥೆಗೆ ಬದಲಾಯಿಸಲಾಗಿದೆ. ಸಂದೇಶ ಹೋಗಿದೆಯೇ ಎಂದು ಸಿಬ್ಬಂದಿ ಪರದೆಯ ಮೇಲೆ ನೋಡಿ ಖಚಿತಪಡಿಸಿಕೊಳ್ಳದ ಕಾರಣ ವಿಳಂಬವಾಗಿದೆ.

"ಇನ್ನೊಂದು ಸಲ ಓದಿ" ಎಂದಳು. "ಆ 'ನೋಡಿ' ಅನ್ನೋ ಕಡೆ ಸ್ವಲ್ಪ ನಿಧಾನಕ್ಕೆ."

"ಅದು ಬರವಣಿಗೆಯ ಭಾಷೆ ಸೆನ್ಯೋರಾ, ಮನಸ್ಸಿಗೆ ಹಚ್ಕೋಬೇಡಿ. ಒಂದು ಸಹಿ ಹಾಕಿದರೆ ಮುಗೀತು."

"ಹಾಕಲ್ಲ. ಬೇಕಾದರೆ ಕೆಲಸದಿಂದ ತೆಗೀರಿ."

ನೇರ ಲಿಸಾಂದ್ರೊನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. "ಏನ್ ಮಾಡಿದೆ ನನ್ನ ಯಂತ್ರಕ್ಕೆ? ಮಗುವಿಗೆ ಹೇಳೋ ಹಾಗೆ ಹೇಳು."

ಲಿಸಾಂದ್ರೊ ತೊದಲುತ್ತ ಹೇಳಿದ. ಕಚೇರಿಯ ಕಂಪ್ಯೂಟರುಗಳೆಲ್ಲ ನಡೆಯುವ ಲಿನಕ್ಸಿನಲ್ಲಿ ಪರದೆಯನ್ನು ನಡೆಸುತ್ತಿದ್ದ ಎಕ್ಸ್ ಎಂಬ ವ್ಯವಸ್ಥೆಗೆ ನಲವತ್ತು ವರ್ಷ ಮೀರಿದೆ, ಅದನ್ನು ನೋಡಿಕೊಳ್ಳುವವರೂ ಕಡಿಮೆಯಾಗುತ್ತಿದ್ದಾರೆ. ಅದರಲ್ಲಿ ಯಾವ ಪ್ರೋಗ್ರಾಂ ಬೇಕಾದರೂ ಇನ್ನೊಂದರ ಮನೆಗೆ ನುಗ್ಗಬಹುದಿತ್ತು. ಕಳ್ಳನಿಗೂ ಅದೇ ದಾರಿ. ಅದರ ಜಾಗಕ್ಕೆ ಬಂದ ವೇಲ್ಯಾಂಡ್ ಒಬ್ಬೊಬ್ಬರನ್ನೂ ಅವರವರ ಕೋಣೆಯಲ್ಲಿಟ್ಟು ಬಾಗಿಲು ಹಾಕುತ್ತದೆ.

"ನಿನ್ನ ಪ್ರೋಗ್ರಾಂ ಹಳೇ ಅಭ್ಯಾಸದ ಹಾಗೆ ಪಕ್ಕದ ಕಿಟಕಿಗೆ ಅಕ್ಷರ ಎಸೀತು. ಹೊಸದು ಅದನ್ನ ಒಳಗೆ ಬಿಡಲಿಲ್ಲ. ಬಿಡಲಿಲ್ಲ ಅಂತ ಹೇಳಲೂ ಇಲ್ಲ. ನಿನ್ನ ಪ್ರೋಗ್ರಾಂ ಮಾತ್ರ ತಲುಪಿತು ಅಂದ್ಕೊಂಡು..."

"ಟಿಂಗ್ ಅಂತು."

"ಹೂಂ."

"ನೀನು ಪರೀಕ್ಷೆ ಮಾಡಲಿಲ್ವಾ?"

"ಮಾಡಿದೆ. ಎಫ್ ಒಂಬತ್ತು ಒತ್ತಿದೆ, ಟಿಂಗ್ ಅಂತು. ಚಾಲಕರ ಕಡೆ ಬಂತಾ ಅಂತ ಹೋಗಿ ನೋಡಲಿಲ್ಲ."

"ಕಣ್ಣಿತ್ತಲ್ಲೋ ನಿಂಗೆ!"

ಅವನು ಸುಮ್ಮನಿದ್ದ. ಹತ್ತೊಂಬತ್ತು ವರ್ಷ ಜನರ ಮೌನಗಳನ್ನು ಕೇಳಿ ಪಳಗಿದ ಕಿವಿ ಅವಳದು. ಈ ಮೌನದ ಹೊಟ್ಟೆಯಲ್ಲಿ ಇನ್ನೂ ಏನೋ ಇದೆ ಎಂದು ತಿಳಿದುಹೋಯಿತು.

"ಮಿಕ್ಕಿದ್ದೂ ಕಕ್ಕು."

"ಇಂಥಾ ಪ್ರೋಗ್ರಾಂಗಳು ಹೊಸದರಲ್ಲಿ ನಡೆಯಲ್ಲ ಅಂತ ಮೂರು ವಾರದ ಹಿಂದೆನೇ ಓದಿದ್ದೆ. ಇಂಜಿನಿಯರ್‌ಗೆ ಪತ್ರ ಬರೆದೆ. ಒಬ್ಬರಿಗೋಸ್ಕರ ಮೂವತ್ತು ಯಂತ್ರ ನಿಲ್ಲಿಸೋಕಾಗಲ್ಲ, ಆಮೇಲೆ ನೋಡೋಣ ಅಂತ ಉತ್ತರ ಬಂತು. ಆಮೇಲೆ ಟಿಂಗ್ ಅಂದಾಗ, ಸದ್ಯ, ನಾನು ಹೆದರಿದ್ದು ಸುಳ್ಳಾಯ್ತು ಅಂತ ನೆಮ್ಮದಿಯಾಯ್ತು."

ಎರ್ಮೆಲಿಂದಾಳ ಪಿತ್ತ ನೆತ್ತಿಗೇರಿತು. ಮೇಜಿನ ಮೇಲೆ ಕೈಗೆ ಸಿಕ್ಕಿದ್ದನ್ನು ಗೋಡೆಗೆ ಬೀಸಿದಳು. ಅದು ಬಿಸ್ಕತ್ತಿನ ಡಬ್ಬಿ, ಚೂರುಗಳು ಕೋಣೆಯ ತುಂಬ ಚೆಲ್ಲಿದವು.

"ಆಗದು ಅಂತ ಗೊತ್ತಿತ್ತು! ಎದ್ದು ಬಂದು ನಂಗೊಂದು ಮಾತು ಹೇಳೋಕೆ ನಿಂಗೇನಾಗಿತ್ತೋ? ನನ್ನ ಮೇಜು ಇಲ್ಲಿಗೆ ಹನ್ನೆರಡು ಹೆಜ್ಜೆ!"

ಶುಕ್ರವಾರ ಸಂಜೆ ಸದಸ್ಯರ ಸಭೆ ಸೇರಿತು. ಎಪ್ಪತ್ತು ಎಂಬತ್ತು ಜನ. ಕಾರ್ನೆಲ್ಯೊ ವರದಿ ಓದಿ, ದೊಡ್ಡ ಬದಲಾವಣೆಯಲ್ಲಿ ಇಂಥ ಸಣ್ಣಪುಟ್ಟ ತೊಡಕುಗಳು ಸಹಜ ಎಂದ. ಎರ್ಮೆಲಿಂದಾ ಎದ್ದು ನಿಂತಳು. ಓರಿಯಾನಾಳ ಅಪ್ಪನ ವಿಷಯ ಹೇಳಿದಳು, "ಹೊರಟಿತು" ಎಂದು ತಾನೇ ಹೇಳಿದ್ದನ್ನೂ ಮುಚ್ಚಿಡಲಿಲ್ಲ. ಆಮೇಲೆ ಲಿಸಾಂದ್ರೊನ ಉಸಿರು ಕೇಳುತ್ತಿದ್ದ ಕಡೆ ತಿರುಗಿದಳು.

"ನೀನು ಬರೆದ ಪತ್ರ, ಬಂದ ಉತ್ತರ, ಎರಡೂ ಓದು. ಗಟ್ಟಿಯಾಗಿ. ನಂಗೆ ಕಾಣಲ್ಲವಲ್ಲ."

"ಇದು ಕಚೇರಿಯ ಒಳಗಿನ ವಿಷಯ" ಎಂದ ಕಾರ್ನೆಲ್ಯೊ.

"ಮುದುಕನ ಉಸಿರು ಹೊರಗಿನದೇನ್ರೀ?" ಎಂದು ಹಿಂದಿನ ಸಾಲಿನಿಂದ ದೆಲ್ಫೋರ್ ಕೂಗಿದ. ಯಾರೋ ಕುರ್ಚಿ ಬಡಿದರು.

ಲಿಸಾಂದ್ರೊ ಎದ್ದ. ಫೋನು ತೆರೆದು ಓದಿದ. ತನ್ನ ಪತ್ರ ಓದುವಾಗ ಸ್ವರ ಗಟ್ಟಿಯಿತ್ತು. ಉತ್ತರದ 'ಒಬ್ಬರಿಗೋಸ್ಕರ' ಎಂಬಲ್ಲಿ ಒಡೆಯಿತು. ಓದಿ ಮುಗಿಸಿ, "ಆ ಕಡೆ ಹೋಗಿ ನೋಡದೆ ಇದ್ದದ್ದು ನನ್ನ ತಪ್ಪು. ಎರ್ಮೆಲಿಂದಾಳದಲ್ಲ" ಎಂದು ತಾನಾಗಿಯೇ ಸೇರಿಸಿದ.

ಗಲಾಟೆ ಅರ್ಧ ತಾಸು ನಡೆಯಿತು. ವರದಿಯನ್ನು ತಿದ್ದಿ ಬರೆಸಿದರು. ಕಾರ್ನೆಲ್ಯೊನ ಕೈಯಿಂದ ತಂತ್ರಜ್ಞಾನದ ಹೊಣೆ ಕಿತ್ತುಕೊಂಡರು, ವ್ಯವಸ್ಥಾಪಕನ ಕುರ್ಚಿ ಮಾತ್ರ ಬಿಟ್ಟರು. ಅದು ಎರ್ಮೆಲಿಂದಾಳಿಗೆ ಸಾಕಾಗಲಿಲ್ಲ, ಅದನ್ನೂ ಅಲ್ಲೇ ಹೇಳಿದಳು. ತನ್ನ ಯಂತ್ರಕ್ಕೆ ಹಳೆಯ ವ್ಯವಸ್ಥೆ ವಾಪಸು ಬರಬೇಕು, ಯಾವತ್ತು ಬದಲಾಯಿಸಬೇಕೆಂದು ತಾನೇ ಸಹಿ ಹಾಕಿ ಬರೆದುಕೊಡುತ್ತೇನೆ ಎಂದು ಕೇಳಿ ಪಡೆದಳು.

ಆದರೆ ಹಳೆಯದು ಶಾಶ್ವತವಲ್ಲ ಎಂದು ಅವಳಿಗೂ ಗೊತ್ತಿತ್ತು. ಹೊಸದನ್ನು ಕಟ್ಟುವವರು ಬೇರೆ ಬೇರೆ ದೇಶಗಳಲ್ಲಿದ್ದರು. ಅವಳು ಅವರಿಗೆ ತಾನೇ ಬರೆಯತೊಡಗಿದಳು. ಒಬ್ಬ, ಇದು ದೋಷವಲ್ಲ, ನಿಮ್ಮ ರಕ್ಷಣೆಗೇ ಹೀಗೆ ಮಾಡಿದ್ದು ಎಂದ. 'ನನ್ನನ್ನು ಯಾರಿಂದ ರಕ್ಷಿಸುತ್ತಿದ್ದೀಯಪ್ಪ, ನನ್ನ ಕೈಯಿಂದಲೇ?' ಎಂದು ಉತ್ತರಿಸಿದಳು. ಇನ್ನೊಬ್ಬಾಕೆ ಸಿಕ್ಕಳು, ಅವಳಿಗೂ ಕಣ್ಣಿರಲಿಲ್ಲ. ಅನುಮತಿ ಕೇಳಿ ಬಾಗಿಲು ತೆರೆಸುವ ದಾರಿಯೊಂದು ತಯಾರಾಗುತ್ತಿದೆ, ಅರ್ಧ ಆಗಿದೆ, ಪರೀಕ್ಷಿಸಿಕೊಡುವವರು ಬೇಕು ಎಂದಳು. ಎರ್ಮೆಲಿಂದಾ ಎಂಟು ತಿಂಗಳು ಮಧ್ಯಾಹ್ನದ ಬಿಡುವನ್ನೆಲ್ಲ ಅದಕ್ಕೇ ಸುರಿದಳು. ಅವಳ ಪತ್ರಗಳಲ್ಲಿ ಒಂದೂ ಮೆದುವಾಗಿರಲಿಲ್ಲ.

ಚಳಿಗಾಲದಲ್ಲಿ ಲಿಸಾಂದ್ರೊ ಹೊಸ ವ್ಯವಸ್ಥೆಯನ್ನು ಅವಳ ಪಕ್ಕದ ಯಂತ್ರಕ್ಕೆ ಹಾಕಿಕೊಟ್ಟ. ಅವಳು ಒಂದಿಡೀ ದಿನ ಕೂತು ಪರೀಕ್ಷಿಸಿದಳು. ವಿಳಾಸ ಹೋಗುತ್ತಿತ್ತು. ಆದರೆ ಬೆಳಿಗ್ಗೆ ಗುಪ್ತಪದ ಕೇಳುವ ಮೊದಲ ಪರದೆ ಒಂದಕ್ಷರವೂ ಮಾತಾಡುತ್ತಿರಲಿಲ್ಲ.

"ಅದು ಚಿಕ್ಕದು. ದಿನಾ ಬಂದು ನಾನೇ ತೆಗೆದುಕೊಡ್ತೀನಿ" ಎಂದ ಲಿಸಾಂದ್ರೊ.

"ನೀನು ಬಂದು ಬಾಗಿಲು ತೆಗೆಯೋ ತನಕ ನಾನು ಹೊರಗೆ ನಿಂತಿರಬೇಕಾ? ಸಹಿ ಇಲ್ಲ."

ಮತ್ತೆ ಐದು ವಾರ ಹಿಡಿಯಿತು. ಆ ಪರದೆಯೂ ಮಾತಾಡಿದ ದಿನ ಅವಳು ಕಾಗದ ತರಿಸಿ, ಸಹಿ ಹಾಕುವ ಜಾಗದ ಮೇಲೆ ಅವನಿಂದ ತನ್ನ ಬೆರಳು ಇಡಿಸಿಕೊಂಡು, ಹೆಸರು ಬರೆದಳು.

"ಈಗಲಾದರೂ ಕೋಪ ಹೋಯ್ತಾ?" ಎಂದು ಕೇಳಿದ.

"ಯಂತ್ರದ ಮೇಲಿದ್ದದ್ದು ಹೋಯ್ತು" ಎಂದು ಅವಳು ಕಾಗದವನ್ನು ಅವನ ಕೈಗಿಟ್ಟಳು.